ತುಮಕೂರಿನಲ್ಲೇ ಕೂತು ಟ್ರೇಡ್‌ಮಾರ್ಕ್, ಟೆಂಡರ್ ಕೇಸು ನಡೆಸಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಬಿ.ಎಸ್ಸಿ. ಆದಮೇಲೆ ಎಲ್‌ಎಲ್‌ಬಿ ಮಾಡಿದೆ. ಸೀನಿಯರ್ ಹತ್ತಿರ ಎರಡು ವರ್ಷ ಆಯಿತು. ಇನ್ನು ಟ್ರೇಡ್‌ಮಾರ್ಕ್, ಸರ್ಕಾರಿ ಟೆಂಡರ್ ಕೇಸುಗಳನ್ನೇ ಹಿಡಿಯಬೇಕು ಅಂತಿದ್ದೇನೆ. ಅಮ್ಮನಿಗೆ ಹುಷಾರಿಲ್ಲ, ಊರು ಬಿಡೋ ಹಾಗಿಲ್ಲ. ಇಲ್ಲೇ ಇದ್ದರೆ ನಡೆಯುತ್ತಾ?

ಗುಬ್ಬಿ ವಕೀಲ: ನಡೆಯಲ್ಲ. ನಾನು ಆರು ವರ್ಷ ರೈಲಿನಲ್ಲಿ ಬೆಂಗಳೂರಿಗೆ ಓಡಾಡಿದವನು. ಒಂದು ಚರಂಡಿ ಕೆಲಸದ ಟೆಂಡರ್, ಬೇರೆಯವನಿಗೆ ಆಯಿತು. ಸರ್ಕಾರಿ ಟೆಂಡರುಗಳಿಗೆ ಅನ್ವಯಿಸೋ ಕರ್ನಾಟಕದ ಪಾರದರ್ಶಕತೆ ಕಾಯ್ದೆಯ ಸೆಕ್ಷನ್ 16ರಲ್ಲಿ ಅಪೀಲಿಗೆ ಆದೇಶ ಕೈಗೆ ಸಿಕ್ಕಿ 30 ದಿನ. ನಮ್ಮ ಆಸಾಮಿ 29ನೇ ದಿನ ಸಂಜೆ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ತುಂಬಿಕೊಂಡು ಬಂದ. ರಾತ್ರಿಯೆಲ್ಲ ಟೈಪು. ಜೆರಾಕ್ಸಿಗೇ 1,840 ರೂಪಾಯಿ, ನನ್ನ ಜೇಬಿಂದ. ಅಪೀಲು ಹಿಯರಿಂಗಿಗೆ ಬರೋ ಹೊತ್ತಿಗೆ ಗೆದ್ದವನು ಜೆಸಿಬಿ ಇಳಿಸಿದ್ದ. ಇವನು ಅವನ ಹತ್ತಿರವೇ ಸಬ್ ಕಂಟ್ರಾಕ್ಟ್ ತಗೊಂಡು ಅಪೀಲು ವಾಪಸ್ ತೆಗೆಸಿದ. ಫೀಸು ಕೇಳಿದರೆ "ಬಿಲ್ ಆಗಲಿ ಸಾರ್" ಅಂದ. ಆ ಬಿಲ್ಲು ಇನ್ನೂ ಆಗಿಲ್ಲ.

ಕೋಲಾರದ ವಕೀಲೆ: ಒಬ್ಬ ಕಂಟ್ರಾಕ್ಟರ್ ಕೈಕೊಟ್ಟ ಅಂತ ಊರೇ ಬೇಡವಾ? ನಾನು ಕೋಲಾರದಲ್ಲೇ ಕೂತು ಟ್ರೇಡ್‌ಮಾರ್ಕ್ ಮಾಡುತ್ತಿದ್ದೇನೆ. ಟ್ರೇಡ್‌ಮಾರ್ಕ್ ನೋಂದಾಯಿಸೋ ಕಚೇರಿ, ಅಂದರೆ ರಿಜಿಸ್ಟ್ರಿ, ಚೆನ್ನೈನಲ್ಲಿದ್ದರೂ ಹಿಯರಿಂಗ್ ವಿಡಿಯೋದಲ್ಲೇ. ಏಟು ನಾನೂ ತಿಂದಿದ್ದೇನೆ. ಶ್ರೀನಿವಾಸಪುರದ ಒಬ್ಬರು ಮಾವಿನಕಾಯಿ ಉಪ್ಪಿನಕಾಯಿಯ ಹೆಸರು ರಿಜಿಸ್ಟರ್ ಮಾಡಿಸಲು ಬಂದರು. ಅರ್ಜಿಯಲ್ಲಿ ಸರಕಿನ ಕ್ಲಾಸು, ಅಂದರೆ ವರ್ಗ, ಹೇಳಬೇಕು. ಮಸಾಲೆಪುಡಿ ಜೊತೆ ಅದನ್ನೂ 30ನೇ ಕ್ಲಾಸಿಗೆ ಸೇರಿಸಿಬಿಟ್ಟೆ. ಉಪ್ಪಿನಕಾಯಿ ಇರೋದು 29ರಲ್ಲಿ! ಹೊಸ ಅರ್ಜಿ, ಮತ್ತೆ 4,500 ರೂಪಾಯಿ, ಈ ಸಲ ನನ್ನ ದುಡ್ಡು. ಅವರು ಪ್ರೀತಿಯಿಂದ ಕೊಟ್ಟ ಜಾಡಿ ಇವತ್ತಿಗೂ ಮುಚ್ಚಳ ತೆಗೆದಿಲ್ಲ.

ಗುಬ್ಬಿ ವಕೀಲ: ಫಾರ್ಮ್ ತುಂಬೋದು ವಕೀಲಿಕೆನಾ ಮೇಡಂ? ಸೈಬರ್ ಸೆಂಟರಿನವನೂ ತುಂಬುತ್ತಾನೆ.

ಕೋಲಾರದ ವಕೀಲೆ: ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 134 ಓದಿ ಸಾರ್. ನಕಲು ಮಾಡಿದವನ ಮೇಲೆ ಜಿಲ್ಲಾ ಕೋರ್ಟಿನಲ್ಲೇ ದಾವೆ ಹಾಕಬಹುದು. ನನ್ನವು ಎರಡು ನಡೆಯುತ್ತಿವೆ. ಫೀಸೂ ಬಂದಿದೆ.

ಕ್ಯಾತ್ಸಂದ್ರದವನು: ಜಗಳ ಆಮೇಲೆ ಆಡಿ. ಬಿ.ಎಸ್ಸಿ. ಇದೆಯಲ್ಲ, ಹೊಸ ಆವಿಷ್ಕಾರಗಳಿಗೆ ಪೇಟೆಂಟ್ ಅರ್ಜಿ ಹಾಕಿಕೊಡೋ ಪೇಟೆಂಟ್ ಏಜೆಂಟ್ ಆಗೋ ಪರೀಕ್ಷೆ ಬರೆಯಲಿ. ಪ್ರತಿ ಪೇಪರಿಗೂ 50, ಒಟ್ಟು 60 ಪರ್ಸೆಂಟ್ ಬೇಕು. ನನಗೆ ಬಂದಿದ್ದು 58. ಒಂದೂವರೆ ವರ್ಷ ಓದಿದ್ದೆ. ಆ ಎರಡು ಪರ್ಸೆಂಟಿನ ಮಾತು ನಮ್ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅಂದ ಹಾಗೆ ಗುಬ್ಬಿಯವರೇ, ಬೆಳಗಿನ ರೈಲಿನಲ್ಲಿ ಕರಿ ಕೋಟು ಹಾಸಿ ನಾಲ್ಕು ಸೀಟು ಹಿಡಿಯುತ್ತಿದ್ದವರು ನೀವೇನಾ?

ಗುಬ್ಬಿ ವಕೀಲ: ನಾಲ್ಕಲ್ಲ, ಮೂರು. ಕ್ಯಾತ್ಸಂದ್ರದಲ್ಲಿ ಹತ್ತೋರಿಗೆ ಸೀಟು ಯಾವತ್ತು ಸಿಕ್ಕಿದೆ?