ಗುಂಡರ್ಟ್ ಅವರ ಮಲಯಾಳಂ ನಿಘಂಟು ಮಂಗಳೂರಲ್ಲಿ ಯಾಕೆ ಅಚ್ಚಾಯಿತು?

ಹುಬ್ಬಳ್ಳಿಯವ:
ಧಾರವಾಡದ ಕಿಟೆಲ್ ಕಾಲೇಜಿನ ಮುಂದೆ ದಿನಾ ಓಡಾಡುತ್ತೇನೆ, ಹಾಗಾಗಿ ಕಿಟೆಲ್ ಅವರ 1894ರ ನಿಘಂಟು ಗೊತ್ತು. ಮೊನ್ನೆ ಆಫೀಸಿನಲ್ಲಿ ಕಣ್ಣೂರಿನವರೊಬ್ಬರು, "ನಮ್ಮ ಗುಂಡರ್ಟ್ ನಿಘಂಟು 1872ರಲ್ಲೇ ಬಂತು, ಅದೂ ನಿಮ್ಮ ಮಂಗಳೂರಲ್ಲಿ" ಅಂದರು. ಜರ್ಮನ್ ಪಾದ್ರಿ ಗುಂಡರ್ಟ್ ಇದ್ದದ್ದು ಕೇರಳದ ತಲಶ್ಶೇರಿಯಲ್ಲಿ ಅಲ್ವಾ? ಮತ್ತೆ ಮಂಗಳೂರು ಯಾಕೆ? ಮಲಯಾಳಂನ ಮೊದಲ ಪುಸ್ತಕವೂ ಅಲ್ಲೇ ಅಚ್ಚಾಯಿತಾ?

ಸಪ್ತಾಪುರ ಮಾಸ್ತರ:
ಇಬ್ಬರೂ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಪ್ರಚಾರಕರ ಸಂಸ್ಥೆಯವರು ರೀ. 1837ರಲ್ಲಿ ಧಾರವಾಡಕ್ಕೆ ಬಂದರಲ್ಲ, ಅದೇ ಮಿಷನ್. ಅವರ ದೊಡ್ಡ ಅಚ್ಚುಕೂಟ ಮಂಗಳೂರಲ್ಲಿತ್ತು. 1843ರಲ್ಲಿ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಪತ್ರಿಕೆ ಅಲ್ಲೇ ಕಲ್ಲಚ್ಚಿನಲ್ಲಿ ಬಂತು. ತಲಶ್ಶೇರಿಯಲ್ಲೂ ಕಲ್ಲಚ್ಚು ಇತ್ತು, 1847ರಲ್ಲಿ ಗುಂಡರ್ಟ್ ‘ರಾಜ್ಯಸಮಾಚಾರಂ’ ಹೊರಡಿಸಿದ್ದು ಅದರಲ್ಲೇ. ಆದರೆ ಕೈಯಲ್ಲಿ ಬರೆದದ್ದನ್ನ ಕಲ್ಲಿಗೆ ಇಳಿಸಿ ಒತ್ತುವ ಕೆಲಸ ಸಣ್ಣ ಪತ್ರಿಕೆಗೆ ಸಾಕು, ಸಾವಿರ ಪುಟ ದಾಟುವ, ಸಾಲುಸಾಲಿಗೂ ಮಲಯಾಳಂ-ಇಂಗ್ಲಿಷ್ ಬೆರೆಯುವ ನಿಘಂಟಿಗೆ ಒಂದೊಂದಾಗಿ ಜೋಡಿಸುವ ಲೋಹದ ಅಕ್ಷರ, ಅಂದರೆ ಮೊಳೆಯೇ ಬೇಕು ಅಂತ ನನ್ನ ಲೆಕ್ಕ.

ಇನ್ನು ಮೊದಲ ಪುಸ್ತಕ ಮಂಗಳೂರೂ ಅಲ್ಲ, ಕೇರಳವೂ ಅಲ್ಲ. ರೋಮ್! 1772ರ ‘ಸಂಕ್ಷೇಪವೇದಾರ್ಥಂ’, ಕ್ರೈಸ್ತ ಧರ್ಮಬೋಧೆಯ ಪುಸ್ತಕ.

ಮೊಳೆ ಜೋಡಿಸಿದವ, ಗದಗ:
ಇಂಗ್ಲಿಷ್ ಪಾದ್ರಿ ಬೆಂಜಮಿನ್ ಬೈಲಿ ಅವರನ್ನ ಬಿಟ್ಟೇಬಿಟ್ಟಿರಲ್ಲ ಮಾಸ್ತರ್ರೇ! 1821ರಲ್ಲಿ ಕೊಟ್ಟಾಯಂನಲ್ಲಿ ಪ್ರೆಸ್ ಶುರು ಮಾಡಿದವರು ಅವರು. ಮದ್ರಾಸಿನಿಂದ ಬಂದ ಚೌಕ ಚೌಕ ಅಕ್ಷರ ಅವರಿಗೆ ಹಿಡಿಸಲಿಲ್ಲ. ಕೊಟ್ಟಾಯಂನ ಕುಶಲಕರ್ಮಿಗಳನ್ನ ಜೊತೆಗೆ ಹಾಕಿಕೊಂಡು ದುಂಡನೆಯ ಮೊಳೆ ಮಾಡಿಸಿದರು. ಮಲಯಾಳಂನ ಆ ದುಂಡು ಚಂದ ಇವತ್ತಿಗೂ ಇದೆ. 1829ರಲ್ಲಿ ಬೈಬಲಿನ ಹೊಸ ಒಡಂಬಡಿಕೆ ಮಲಯಾಳಂನಲ್ಲಿ ಅಲ್ಲೇ ಅಚ್ಚಾಯಿತು.

ಇದು ಎಂಥ ಕೆಲಸ ಅಂತ ಮೊಳೆ ಮುಟ್ಟಿದವರಿಗೇ ಗೊತ್ತು. ನಾನು ಹುಡುಗನಿದ್ದಾಗ ಇಲ್ಲೊಂದು ಪ್ರೆಸ್ಸಿನಲ್ಲಿ ಕಂಪೋಸಿಂಗ್ ಮಾಡುತ್ತಿದ್ದೆ, ಒಮ್ಮೆ ಮದುವೆ ಸೀಜನ್‌ನಲ್ಲೇ ಮೊಳೆ ಇಡುವ ಕೇಸು ಕೈಜಾರಿ ಎಲ್ಲ ನೆಲಕ್ಕೆ! ಪ, ಷ, ಘ ಮೂರೂ ಉಲ್ಟಾ ಹಿಡಿದರೆ ಒಂದೇ ಥರ ಕಾಣುತ್ತವೆ, ಎರಡು ದಿನ ಸುಮ್ನೆ ಕೂತು ಆರಿಸಿದೆ. ಮಲಯಾಳಂನಲ್ಲಿ ಕೂಡಕ್ಷರಕ್ಕೂ ಬೇರೆ ಬೇರೆ ಮೊಳೆ, ನಮಗಿಂತ ಜಾಸ್ತಿ ಪೀಕಲಾಟ. ಅದಕ್ಕೇ 1971ರಲ್ಲಿ ಲಿಪಿಯನ್ನೇ ಸರಳ ಮಾಡಿದರು.

ಹುಬ್ಬಳ್ಳಿಯವ:
ರೋಮ್ ಸುದ್ದಿ ಕಣ್ಣೂರಿನವರಿಗೆ ಹೇಳಿದೆ. ಗೊತ್ತಿರಲಿಲ್ಲವಂತೆ, ಇವತ್ತಿನ ಚಹಾ ಅವರದು. ಅಣ್ಣಾ, ಆ ಸಲದ ಲಗ್ನಪತ್ರಿಕೆಗಳು ಏನಾದವು?

ಮೊಳೆ ಜೋಡಿಸಿದವ, ಗದಗ:
ಒಂದರಲ್ಲಿ ವರನ ಹೆಸರಿನ ‘ಪ’ ‘ಷ’ ಆಗಿ ಹೋಯಿತು. ಮದುವೆ ಏನೋ ಆಯಿತು, ನನ್ನ ವಾರದ ಪಗಾರ ಹೋಯಿತು.