ಅಪ್‌ಡೇಟ್: ಹಳೇ ಬಂಗಲೆ ಫೈರ್‌ಪ್ಲೇಸ್‌ಗೆ ಬಾಗಿಲು, ಜಾಲರಿ ಎರಡೂ ಆಯ್ತು

ಕೊಪ್ಪ ಕಡೆಯ ಹಳೇ ಎಸ್ಟೇಟ್ ಬಂಗಲೆಗೆ ಗಾಜಿನ ಬಾಗಿಲೋ, ಬರೀ ಜಾಲರಿಯೋ ಅಂತ ಕೇಳಿದ್ದೆ. ಎರಡೂ ಹಾಕಿಸಿದ್ದಾಯ್ತು.

ಅಳತೆಯಲ್ಲೇ ಅರ್ಧ ಕೆಲಸ. ಜಂಬಿಟ್ಟಿಗೆ ಗೂಡಿನ ಅಗಲ ಮೇಲೆ 912, ನಡುವೆ 905, ಕೆಳಗೆ 918 ಮಿ.ಮೀ. ಬಂತು. ಚಿಕ್ಕದ್ದನ್ನೇ ಹಿಡಿದು, ಕಬ್ಬಿಣ ಕಾದು ಹಿಗ್ಗೋದಕ್ಕೆ ಎರಡೂ ಕಡೆ 6 ಬಿಟ್ಟು, 893ಕ್ಕೆ ಚೌಕಟ್ಟು ಮಾಡಿಸಿದ್ದು. ಕಮಾನಿಗೆ ರಟ್ಟಿನ ನಮೂನೆ ಕತ್ತರಿಸಿ ವೆಲ್ಡರ್ ಕೈಗೆ ಕೊಡಿ, ಬಾಯಲ್ಲಿ ಹೇಳಿದರೆ ಕೆಟ್ಟಿತು. ಸಂದಿಗೆ ಸೆರಾಮಿಕ್ ಫೈಬರ್ ಹಗ್ಗ. ಮಾಮೂಲಿ ಸಿಲಿಕೋನ್ ಸುಟ್ಟುಹೋಗುತ್ತೆ.

ತಪ್ಪಿದ್ದು ಚೌಕಟ್ಟನ್ನು ಗೋಡೆಗೆ ಕಚ್ಚಿಸುವ ಆಂಕರ್ ಬೋಲ್ಟ್‌ನಲ್ಲಿ. ಬಿಗಿಯುತ್ತಿದ್ದ ಹಾಗೇ ಜಂಬಿಟ್ಟಿಗೆಯ ಅಂಚು ಕೆಂಪು ಪುಡಿಯಾಗಿ ಉದುರಿತು. ಈಗ ಚೌಕಟ್ಟಿಗೇ ಕಾಲು ಬೆಸೆದು ನೆಲದ ಮೇಲೆ ನಿಲ್ಲಿಸಿದೆ. ಚಿಮಣಿ ಗುಡಿಸುವಾಗ ಎತ್ತಿಡಬಹುದು, ಅದೊಂದು ಲಾಭ.

ಗಾಜು ಟಫನ್ಡ್, ಅಂದ್ರೆ ಹದ ಮಾಡಿ ಗಟ್ಟಿಗೊಳಿಸಿದ್ದು. ಉರಿ ಜೋರಿದ್ದಾಗ ಬಾಗಿಲು ತೆರೆದೇ ಇರಬೇಕು, ಕಿಡಿಗೆ ಜಾಲರಿ ಅಡ್ಡ. ಕೆಂಡಕ್ಕಿಳಿದ ಮೇಲೆ ಮುಚ್ಚೋದು. ಆದರೆ ಕೆಂಡ ಪೂರ್ತಿ ಆರುವವರೆಗೆ ಚಿಮಣಿಯ ತಗಡು ಮುಚ್ಚಬೇಡಿ, ವಿಷಗಾಳಿ ಒಳಗೇ ಉಳಿಯುತ್ತೆ. ಹಿಡಿಕೆಯ ತೂತು ಮೊದಲೇ ಕೊರೆಸಿ, ಹದ ಮಾಡಿದ ಗಾಜನ್ನು ಆಮೇಲೆ ಕೊರೆದರೆ ಚೂರುಚೂರು.

ಜಾಲರಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಜಿಐ (ಸತು ಲೇಪಿಸಿದ ಕಬ್ಬಿಣ) ಅಗ್ಗ, ಆದರೆ ಕಾವಿಗೆ ಸತುವಿನ ಲೇಪ ಕಿತ್ತು ಬಂದರೆ ನಮ್ಮ ಆಷಾಢದ ತೇವಕ್ಕೆ ತುಕ್ಕು ಗ್ಯಾರಂಟಿ.