ಸಹಾಯ ಬೇಕು: ವರ್ಕ್‌ಫ್ಲೋ ಅರ್ಧಕ್ಕೆ ನಿಂತರೆ ಮತ್ತೆ ಓಡಿಸೋದು ಹೇಗೆ?

ನಮಸ್ಕಾರ. ಮಡಿಕೇರಿಯ ಒಂದು ಕಾಫಿ ಕಂಪನಿಯಲ್ಲಿ ಐಟಿ ನೋಡ್ಕೊಳ್ತೀನಿ. ಪ್ರಿಂಟರ್‌ನಿಂದ ಸರ್ವರ್ ತನಕ ನಾನೊಬ್ಬನೇ. ನೌಕರರ ಖಾತೆಗಳನ್ನ ನಿಭಾಯಿಸೋಕೆ ಬಳಸ್ತಿರೋ ಸಾಫ್ಟ್‌ವೇರ್ ಮೈಕ್ರೋಸಾಫ್ಟ್ ಐಡೆಂಟಿಟಿ ಮ್ಯಾನೇಜರ್ 2016.

ಎಚ್‌ಆರ್‌ನವರು ಯಾರನ್ನಾದರೂ 'ಕೆಲಸ ಬಿಟ್ಟವರು' ಅಂತ ಗುರುತು ಹಾಕಿದರೆ ಅವರು ಆ ಹೆಸರಿನ ಸೆಟ್‌ಗೆ (ನಿಯಮದ ಪ್ರಕಾರ ತಾನಾಗೇ ತುಂಬೋ ಗುಂಪು) ಬರ್ತಾರೆ. ಆಗ ಸೆಟ್ ಟ್ರಾನ್ಸಿಷನ್ ಪಾಲಿಸಿ, ಅಂದ್ರೆ ಯಾರಾದರೂ ಸೆಟ್ ಒಳಗೆ ಬಂದ ಕ್ಷಣ ಕೆಲಸ ಮಾಡೋ ನಿಯಮ, ಆ್ಯಕ್ಷನ್ ವರ್ಕ್‌ಫ್ಲೋ (ಸಾಲಾಗಿ ತಾನಾಗೇ ನಡೆಯೋ ಕೆಲಸಗಳು) ಶುರು ಮಾಡುತ್ತೆ: ಮ್ಯಾನೇಜರ್‌ಗೆ ಮೇಲ್, ಆಮೇಲೆ ಪವರ್‌ಶೆಲ್ ಸ್ಕ್ರಿಪ್ಟ್‌ನಿಂದ ವಿರಾಜಪೇಟೆ ಗೋದಾಮಿನ ಸರ್ವರ್‌ನಲ್ಲಿರೋ ಖಾತೆ ಬಂದ್.

ಹೋದ ವಾರದ ಮಳೆ ಗೊತ್ತಲ್ಲ, ಮರ ಬಿದ್ದು ಲೈನ್ ಹೋಯ್ತು. ಆಗ ಕೆಲಸ ಬಿಟ್ಟ ಮೂವರ ವಿಷಯದಲ್ಲಿ ಸ್ಕ್ರಿಪ್ಟ್ ಫೇಲ್. ರಿಕ್ವೆಸ್ಟ್‌ನ ಸ್ಥಿತಿ 'ಪೋಸ್ಟ್‌ಪ್ರೊಸೆಸಿಂಗ್ ಎರರ್'. ಆ್ಯಕ್ಷನ್ ವರ್ಕ್‌ಫ್ಲೋ ಓಡೋದು ಬದಲಾವಣೆ ಸೇವ್ ಆದ ಮೇಲೆ, ಹಾಗಾಗಿ ಏನೂ ಹಿಂದಕ್ಕೆ ಹೋಗಲ್ಲ. ಆ ಮೂವರು ಈಗಾಗಲೇ ಸೆಟ್ ಒಳಗೇ ಇದ್ದಾರೆ, ಹಾಗಾಗಿ ವರ್ಕ್‌ಫ್ಲೋ ಮತ್ತೆ ಟ್ರಿಗರ್ ಆಗ್ತಿಲ್ಲ. ಲೈನ್ ಬಂದ ಮೇಲೂ ಮೂರು ಖಾತೆ ಜೀವಂತ!

ವರ್ಕ್‌ಫ್ಲೋದಲ್ಲಿ 'ರನ್ ಆನ್ ಪಾಲಿಸಿ ಅಪ್‌ಡೇಟ್' (ಪಾಲಿಸಿ ಬದಲಾದಾಗ ಸೆಟ್‌ನಲ್ಲಿ ಇರೋರಿಗೂ ಓಡಿಸು) ಟಿಕ್ ಮಾಡಿ ಪಾಲಿಸಿ ಆಫ್-ಆನ್ ಮಾಡಬಹುದು, ಆದರೆ ಸೆಟ್‌ನಲ್ಲಿರೋ ಹಳಬರೆಲ್ಲರ ಮ್ಯಾನೇಜರ್‌ಗಳಿಗೂ ಮತ್ತೆ ಮೇಲ್ ಹೋಗುತ್ತೆ. ಬೈಗುಳ ತಿನ್ನೋಕೆ ನಾನು ರೆಡಿ ಇಲ್ಲ.

ಕೊನೇ ಹೆಜ್ಜೆಯಲ್ಲಿ ಆ ವ್ಯಕ್ತಿಯ ದಾಖಲೆಯಲ್ಲಿ 'ಮುಗಿದಿದೆ' ಅನ್ನೋ ಆಟ್ರಿಬ್ಯೂಟ್ (ಗುರುತು) ಬರೆದು, ಅದು ಇಲ್ಲದವರಿಗೆ ಬೇರೆ ಸೆಟ್ ಮಾಡೋಣ ಅಂತಿದ್ದೀನಿ. ಇಲ್ಲಾ ಸ್ಕ್ರಿಪ್ಟ್ ಒಳಗೇ ಮರುಪ್ರಯತ್ನ ಹಾಕೋದು ವಾಸಿನಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.